ಅಕ್ಕಿ ಹಿಟ್ಟಿನ ಇಂಗು: ಸಂಕ್ರಾಂತಿ ಕಳೆದ ಮೇಲಿಂದ ಗೌರಿ ಹಬ್ಬದವರೆಗೆ ಬಳಸಿ ನೋಡಿದ್ದು

ಈ ಇಂಗಿನ ಡಬ್ಬಿ ನಾನು ತರಿಸಿದ್ದು ನಮ್ಮ ನಾದಿನಿಯ ಮೊಮ್ಮಗನಿಗಾಗಿ. ಒಂಬತ್ತು ವರ್ಷದ ಹುಡುಗ. ಎರಡು ವರ್ಷದ ಹಿಂದೆ ಅವನಿಗೆ ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಯ್ತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಅವನ ಸಣ್ಣ ಕರುಳಿಗೇ ಪೆಟ್ಟು. ಅದಕ್ಕೆ ಮಾತ್ರೆ ಇಲ್ಲ, ಜೀವನಪೂರ್ತಿ ಪಥ್ಯವೇ ಮದ್ದು.

ನಾವು ಮೈಸೂರಲ್ಲಿರುವ ನಾಲ್ಕೈದು ಮನೆಯವರು ಹಬ್ಬಕ್ಕೆ ಒಂದೇ ಕಡೆ ಸೇರ್ತೀವಿ. ಒಬ್ಬೊಬ್ಬರು ಒಂದೊಂದು ಮಾಡಿಕೊಂಡು ಹೋಗೋದು. ಬಿಸಿಬೇಳೆ ಬಾತ್ ನನ್ನ ಪಾಲು. ನಾದಿನಿಯ ಅತ್ತೆಯವರು ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ, ಹಾಗಾಗಿ ನನ್ನ ಬಾತಿಗೆ ಇಂಗೇ ಆಧಾರ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅನ್ನೋ ಮಾತು ಕೇಳಿಕೊಂಡೇ ಬೆಳೆದವಳು ನಾನು, ಕೈ ಹಿಡಿದು ಹಾಕೋ ಅಭ್ಯಾಸವೇ ಇಲ್ಲ. ಅಕ್ಕಿ, ತೊಗರಿಬೇಳೆ, ತರಕಾರಿ, ಹುಣಸೆಹಣ್ಣು, ಮನೆಯಲ್ಲೇ ಹುರಿದು ಪುಡಿ ಮಾಡಿದ ಮಸಾಲೆ. ಇದರಲ್ಲಿ ಗೋಧಿ ಎಲ್ಲಿಂದ ಬರಬೇಕು ಅಂತ ಧೈರ್ಯವಾಗಿ ಸಂಕ್ರಾಂತಿಗೆ ತೊಗೊಂಡು ಹೋದೆ. ಮಗು ಎರಡು ಸಲ ಹಾಕಿಸಿಕೊಂಡು ತಿಂತು.

ರಾತ್ರಿ ಅವನಿಗೆ ಹೊಟ್ಟೆನೋವು, ಭೇದಿ. ಎರಡು ದಿನ ಸ್ಕೂಲಿಗೆ ಹೋಗಲಿಲ್ಲ. ಮೂರನೇ ದಿನ ಅವನಮ್ಮ ಫೋನ್ ಮಾಡಿ, "ಬೇಜಾರು ಮಾಡ್ಕೋಬೇಡಿ ಅತ್ತೆ, ಯಾವ ಇಂಗು ಹಾಕಿದ್ರಿ?" ಅಂತ ಕೇಳಿದಳು. ಡಬ್ಬಿ ತಂದು ಕನ್ನಡಕ ಹಾಕಿಕೊಂಡು ಓದಿದೆ. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಗೋಂದು, ಗೋಧಿ ಹಿಟ್ಟು, ಇಂಗು ಅಂತ ಇತ್ತು. ಮೂವತ್ತು ವರ್ಷದಿಂದ ಅದೇ ಇಂಗು ತರ್ತಾ ಇದ್ದೀನಿ, ಒಂದು ದಿನ ತಿರುಗಿಸಿ ನೋಡಿರಲಿಲ್ಲ. ಅಜ್ಜಿ ಮಾಡಿದ್ದು ಅಂತ ನಂಬಿ ತಿಂದ ಮಗು ಅದು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆಮೇಲೆ ತಿಳಿದುಕೊಂಡೆ. ಇಂಗು ಅಂದ್ರೆ ಒಂದು ಗಿಡದ ಬೇರಿನಿಂದ ಒಸರುವ ಅಂಟು. ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದಿಂದ ಬರುತ್ತೆ. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಸಿ ನೆಡೋಕೆ ಶುರು ಮಾಡಿದ್ದೇ 2020ರಲ್ಲಿ. ಅಪ್ಪಟ ಇಂಗಿನ ಘಾಟು ತಡೆಯೋಕಾಗಲ್ಲ ಅಂತ ಗೋಂದು, ಹಿಟ್ಟು ಬೆರೆಸಿ ಮಾರ್ತಾರೆ. ಆ ಹಿಟ್ಟು ಬಹಳ ಕಡೆ ಗೋಧಿಯದೋ ಮೈದಾನೋ ಆಗಿರುತ್ತೆ. ಗಟ್ಟಿ ಇಂಗಾದರೆ ಶುದ್ಧ ಅಂದುಕೊಳ್ಳೋದೂ ತಪ್ಪು, ಅದರಲ್ಲೂ ಹಿಟ್ಟು ಇರಬಹುದು. ಅಂಗಡಿಯ ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿಗೆ ಬೀಳೋದೂ ಇದೇ ಬೆರಕೆ ಇಂಗು.

ಇನ್ನು ಈ ಡಬ್ಬಿಯ ವಿಷಯ. ಇದರಲ್ಲಿ ಗೋಧಿ ಬದಲು ಅಕ್ಕಿ ಹಿಟ್ಟಿದೆ, ಗ್ಲುಟೆನ್ ಇಲ್ಲ ಅಂತ ಮುಂಭಾಗದಲ್ಲೇ ಹಾಕಿದ್ದಾರೆ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಹಾಗೆ ಹಾಕಬೇಕಾದರೆ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು. ಪುಡಿ ಸ್ವಲ್ಪ ತರಿತರಿ, ಬಣ್ಣ ಹಳೇ ಇಂಗಿಗಿಂತ ಬಿಳುಪು. ಘಮ ಚೆನ್ನಾಗಿದೆ, ಆದರೆ ಜೋರು ಕಡಿಮೆ. ಮೊದಲು ಅರ್ಧ ಚಮಚ ಹಾಕ್ತಿದ್ದ ಕಡೆ ಮುಕ್ಕಾಲು ಬೇಕು. ಕಾದ ತುಪ್ಪಕ್ಕೆ ನೇರ ಹಾಕಿದರೆ ತಳ ಹಿಡಿದು ಕಹಿಯಾಗುತ್ತೆ. ಸಾಸಿವೆ ಸಿಡಿದು, ಕರಿಬೇವು ಚಟಪಟ ಅಂದ ಮೇಲೆ ಒಲೆ ಆರಿಸಿ, ಆಮೇಲೆ ಇಂಗು ಹಾಕಿ ಒಗ್ಗರಣೆ ಸೌಟನ್ನ ಒಂದು ಸುತ್ತು ಆಡಿಸಿ. ತಿಳಿಸಾರಿಗೆ, ಮಜ್ಜಿಗೆಗೆ ತುಂಬಾ ಹೊಂದುತ್ತೆ. ಗೊಜ್ಜಿಗೆ ಮಾತ್ರ ಹಳೇ ಇಂಗಿನ ಖದರು ಬರಲಿಲ್ಲ.

ಮುಚ್ಚಳ ಸರಿಯಿಲ್ಲ. ಬಿಗಿಯಾಗಿ ಕೂರಲ್ಲ, ಎರಡೇ ದಿನಕ್ಕೆ ಕಪಾಟೆಲ್ಲ ಇಂಗಿನ ವಾಸನೆ. ಅದಕ್ಕಿಂತ ಬೇಸರದ್ದು, ಒಳಗೇನಿದೆ ಅನ್ನೋ ಪಟ್ಟಿಯ ಮೇಲೇ ಬೆಲೆಯ ಚೀಟಿ ಅಂಟಿಸಿದ್ದಾರೆ. ಇಂಥ ಇಂಗು ಕೊಳ್ಳುವವರು ಮೊದಲು ಓದೋದೇ ಆ ಪಟ್ಟಿ. ದಯವಿಟ್ಟು ಚೀಟಿ ಬೇರೆ ಕಡೆ ಹಾಕಿ. ನಾನು ಬಿಸಿನೀರಿನ ಬಟ್ಟೆ ಒತ್ತಿ ಚೀಟಿ ಕಿತ್ತೆ. ಇಂಗನ್ನ ಮಾತ್ರ ಬೇರೆ ಡಬ್ಬಿಗೆ ಸುರಿಯಲಿಲ್ಲ, ಓದಬೇಕಾದವರಿಗೆ ಇದೇ ಡಬ್ಬಿ ಬೇಕು. ಅದಕ್ಕೊಂದು ಹೊಸ ಚಮಚ ಹಾಕಿ, ಚಪಾತಿ ಹಿಟ್ಟು ಇರೋ ಕಪಾಟಿನಿಂದ ದೂರ ಇಟ್ಟಿದ್ದೀನಿ.

ಗೌರಿ ಹಬ್ಬಕ್ಕೆ ಮತ್ತೆ ಬಿಸಿಬೇಳೆ ಬಾತ್ ಮಾಡಿದೆ. ಪಾತ್ರೆ ತಿಕ್ಕಿ ತೊಳೆದು, ಮಸಾಲೆ ಹೊಸದಾಗಿ ಹುರಿದು ಪುಡಿ ಮಾಡಿದೆ. ಮಗುವಿನ ಪಾಲು ಮೊದಲೇ ಬೇರೆ ಸ್ಟೀಲ್ ಡಬ್ಬಿಗೆ ತೆಗೆದು, ಮುಚ್ಚಳದ ಮೇಲೆ ಅವನ ಹೆಸರು ಬರೆದು, ಸೌಟನ್ನೂ ಜೊತೆಗೇ ಕಟ್ಟಿದೆ, ಪೂರಿ ಮುಟ್ಟಿದ ಸೌಟು ಅದಕ್ಕೆ ಬೀಳದ ಹಾಗೆ. ಇಂಗಿನ ಡಬ್ಬಿಯನ್ನೂ ಚೀಲದಲ್ಲಿ ತೊಗೊಂಡು ಹೋಗಿ ಅವನಮ್ಮನ ಕೈಗೆ ಕೊಟ್ಟೆ. ಅವಳು ಕಿಟಕಿ ಹತ್ತಿರ ಹೋಗಿ, ಬೆಳಕಿಗೆ ಹಿಡಿದು, ಮೊದಲಿಂದ ಕೊನೆಯವರೆಗೂ ಓದಿದಳು. "ಅತ್ತೆ, ನೀವೇ ಬಡಿಸಿ" ಅಂದಳು. ನಾದಿನಿಯ ಅತ್ತೆಯವರೂ ಅದೇ ಬಾತನ್ನ ಪಕ್ಕದಲ್ಲೇ ಕೂತು ಊಟ ಮಾಡಿದರು. ರಾತ್ರಿ ಒಂಬತ್ತಕ್ಕೆ ನಾನೇ ಫೋನ್ ಮಾಡಿ ಕೇಳಿದೆ. ಮಗು ಆರಾಮಾಗಿ ಮಲಗಿತ್ತು.

50 ಗ್ರಾಂ ಡಬ್ಬಿಗೆ ಹಳೆಯದಕ್ಕಿಂತ ಬೆಲೆ ಜಾಸ್ತಿ. ಎರಡನೇ ಡಬ್ಬಿ ತರಿಸಿದ್ದಾಯ್ತು.