ವಿದೇಶದಲ್ಲಿ ಬೇಸಿಗೆ ಕೆಲಸವೆಂದು ನಂಬಿ 85,000 ರೂಪಾಯಿ ಕಳೆದುಕೊಂಡೆ: ರಾಯಚೂರಿನ ವಿದ್ಯಾರ್ಥಿಗಳೇ, ಹಣ ಕಟ್ಟುವ ಮೊದಲು ಓದಿ

ಇಂಗ್ಲೆಂಡಿನ ತೋಟಗಳಲ್ಲಿ ಮೂರು ತಿಂಗಳು ಹಣ್ಣು ಬಿಡಿಸುವ ಕೆಲಸ, ಊಟ ವಸತಿ ಅವರದೇ, ವಿಮಾನದ ಟಿಕೆಟ್ ಬಿಟ್ಟರೆ ಒಟ್ಟು ಖರ್ಚು 85,000 ರೂಪಾಯಿ ಮಾತ್ರ ಎಂದು ರಾಯಚೂರಿನಲ್ಲಿ ಯಾರಾದರೂ ನಿಮಗೆ ಹೇಳಿದ್ದರೆ, ಒಂದು ರೂಪಾಯಿ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಯಾರನ್ನೂ ವಿಚಾರಿಸದೆ ಕೊಟ್ಟೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ವಾರ ಒದ್ದಾಡಿದ್ದೇನೆ, ಏಕೆಂದರೆ ವಿಷಯ ಊರಿಗೆ ಗೊತ್ತಾದರೆ ಅಪ್ಪ ಕಟ್ಟೆಯ ಮೇಲೆ ಕೂರುವುದನ್ನೇ ಬಿಡುತ್ತಾರೆ. ಆದರೆ ಮೊನ್ನೆ ನನ್ನಿಂದ ಹಣ ಪಡೆದ ಏಜೆಂಟನ ಕಚೇರಿಯ ಮೆಟ್ಟಿಲುಗಳನ್ನು ಇಬ್ಬರು ಹುಡುಗಿಯರು ಅಂಕಪಟ್ಟಿಗಳ ಫೈಲನ್ನು ಎದೆಗವಚಿಕೊಂಡು ಹತ್ತುತ್ತಿದ್ದುದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾವು ಸಿಂಧನೂರು ತಾಲ್ಲೂಕಿನವರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ನಾಲ್ಕು ಎಕರೆ ಭತ್ತದ ಗದ್ದೆಯಿದೆ. ಕಾಲುವೆಗೆ ನೀರು ಬಿಟ್ಟ ವರ್ಷ ಎರಡು ಬೆಳೆ, ಬಿಡದ ವರ್ಷ ಒಂದು. ಬಿ.ಎಸ್ಸಿ. ಕೊನೆಯ ಸೆಮಿಸ್ಟರ್ ಮುಗಿದು ಎಂ.ಎಸ್ಸಿ. ಪ್ರವೇಶ ಸಿಗುವವರೆಗಿನ ಬಿಡುವಿನಲ್ಲಿ ಎಲ್ಲಾದರೂ ದುಡಿದು ಶುಲ್ಕದ ಹಣವನ್ನು ನಾನೇ ಹೊಂದಿಸಿಕೊಳ್ಳಬೇಕೆಂಬುದಷ್ಟೇ ನನ್ನ ಆಸೆಯಾಗಿತ್ತು. ಹೊಲದ ಕೆಲಸ ನನಗೆ ಹೊಸದಲ್ಲ. ವಿದೇಶಕ್ಕೆ ಹೋಗಿ ನೆಲೆಸುವ ಆಲೋಚನೆಯೂ ಇರಲಿಲ್ಲ.

ಫೆಬ್ರುವರಿಯಲ್ಲಿ ಆ ಕಚೇರಿಗೆ ಮೊದಲ ಸಲ ಹೋದಾಗ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಎರಡು ಪ್ರಮಾಣಪತ್ರಗಳಿದ್ದವು. ಸರ್ಕಾರದ ಮುದ್ರೆ ಇದ್ದುದರಿಂದ ಇದು ಸರ್ಕಾರದಿಂದ ಪರವಾನಗಿ ಪಡೆದ ಸಂಸ್ಥೆ ಎಂದು ಅಪ್ಪ ನಂಬಿದರು, ನಾನೂ ನಂಬಿದೆ. ಅವುಗಳಲ್ಲಿ ಒಂದು ಜಿಎಸ್‌ಟಿ ನೋಂದಣಿ, ಇನ್ನೊಂದು ಅಂಗಡಿ ತೆರೆಯಲು ಪಡೆದ ಟ್ರೇಡ್ ಲೈಸೆನ್ಸ್ ಎಂಬುದನ್ನು ನಾನು ಹತ್ತಿರ ಹೋಗಿ ಓದಿದ್ದು ಮೇ ತಿಂಗಳಲ್ಲಿ, ಎಲ್ಲ ಮುಗಿದ ಮೇಲೆ.

"ಸಾಹೇಬ್ರ, ನಮಗ ಇದರಾಗ ತಿಳುವಳಿಕಿ ಕಮ್ಮಿ, ಹುಡುಗನ ಜವಾಬ್ದಾರಿ ನಿಮ್ದು" ಎಂದು ಅಪ್ಪ ಕೈಮುಗಿದರು. "ಯಜಮಾನ್ರ, ನನ್ನ ಮಗ ಇದ್ದಂಗ ಅಂತ ತಿಳಕೋರಿ" ಎಂದ ಕಚೇರಿ ನಡೆಸುತ್ತಿದ್ದ ಆ ಮನುಷ್ಯ, ನನ್ನ ಕಡೆ ತಿರುಗಿ, "ತಮ್ಮಾ, ನೀ ಬಿ.ಎಸ್ಸಿ. ಓದಿದಾಂವ, ನಿನಗ ಏನ್ ಕಷ್ಟ ಅದ? ಹೋದ ವರ್ಷ ಹೋದ ಹುಡುಗರು ನಾಕ್ನಾಕು ಲಕ್ಷ ತಂದಾರ" ಎಂದ. ಆ ಹುಡುಗರಲ್ಲಿ ಒಬ್ಬನ ಜೊತೆಗಾದರೂ ಫೋನಿನಲ್ಲಿ ಮಾತನಾಡಿಸಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಇದೊಂದು ನೆನಪಾದರೆ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ.

ನೋಂದಣಿಗೆಂದು 5,000, ಆಫರ್ ಲೆಟರ್‌ಗೆಂದು 35,000 ರೂಪಾಯಿಗಳನ್ನು ಫೋನ್ ಮೂಲಕ ಕಳುಹಿಸಿದೆ. ಪ್ರಾಯೋಜಕತ್ವದ ಪ್ರಮಾಣಪತ್ರಕ್ಕೆಂದು, ಅಂದರೆ ಅಲ್ಲಿನ ಸಂಸ್ಥೆ ನನ್ನನ್ನು ಕೆಲಸಕ್ಕೆ ಕರೆಸಿಕೊಳ್ಳುತ್ತಿದೆ ಎಂಬ ದಾಖಲೆಗೆಂದು, ಕೇಳಿದ 45,000 ರೂಪಾಯಿಗಳನ್ನು ಮಾತ್ರ ನಗದಾಗಿಯೇ ತರಬೇಕೆಂದು ಹೇಳಿದ. "ಅಕೌಂಟಿಗೆ ಹಾಕಿದ್ರ ಟ್ಯಾಕ್ಸ್ ಬೀಳ್ತದ, ಅದನ್ನೂ ನೀನ ಕೊಡಬೇಕಾಗ್ತದ" ಎಂಬುದು ಅವನು ಕೊಟ್ಟ ಕಾರಣ. ಆ ಹಣಕ್ಕಾಗಿ ಅವ್ವ ತನ್ನ ಬೋರಮಾಳ ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟಳು. ಅಡವಿಗೆ ಕೊಡುವ ಮೊದಲು ಸೀರೆಯ ಸೆರಗಿನಿಂದ ಒಂದೊಂದೇ ಗುಂಡನ್ನು ಒರೆಸಿದಳು. ಅದೇ ದಿನ ಅವನು ಪರಿಶೀಲನೆಗೆಂದು ನನ್ನ ಮೂಲ ಪಾಸ್‌ಪೋರ್ಟನ್ನು ಇಸಿದುಕೊಂಡ.

ಆಮೇಲೆ ಶುರುವಾದದ್ದು ಉತ್ತರಗಳು. ಮಾರ್ಚ್ ಪೂರ್ತಿ "ಫೈಲ್ ಪ್ರೋಸೆಸ್‌ನಾಗ ಅದ". ಏಪ್ರಿಲ್ ಮೊದಲ ವಾರ "ಲಂಡನ್ ಆಫೀಸ್ ರಜಾ ಅದ". ಅದರ ಮುಂದಿನ ವಾರ "ಸರ್ವರ್ ಡೌನ್ ಅದ ತಮ್ಮಾ, ದಿನಾ ಫೋನ್ ಹಚ್ಚಬ್ಯಾಡ". ವೀಸಾಕ್ಕೆ ಬೆರಳಚ್ಚು ಕೊಡಲು ಹೈದರಾಬಾದಿನ ಅರ್ಜಿ ಕೇಂದ್ರಕ್ಕೆ ಯಾವಾಗ ಹೋಗಬೇಕು ಎಂದು ಕೇಳಿದರೆ, ಬೇಸಿಗೆ ಕೆಲಸಕ್ಕೆ ಬೆರಳಚ್ಚು ಬೇಕಾಗಿಲ್ಲ ಎಂದ. ಅಲ್ಲಾದರೂ ನನಗೆ ಅನುಮಾನ ಬರಬೇಕಿತ್ತು. ಕೊನೆಗೆ ಏಪ್ರಿಲ್ ಮುಗಿಯುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಆ ಪ್ರಾಯೋಜಕತ್ವದ ಪ್ರಮಾಣಪತ್ರವೆಂದು ಒಂದು ಪಿಡಿಎಫ್ ಬಂತು: ಮೇಲೆ ಕಿರೀಟದ ಚಿತ್ರ, ಕೆಳಗೆ ನೀಲಿ ದುಂಡು ಮುದ್ರೆ, ನಡುವೆ ನನ್ನ ಹೆಸರು, ಅಕ್ಷರಗಳೂ ಅಂಕಿಗಳೂ ಸೇರಿದ ಒಂದು ಸಂಖ್ಯೆ. ಅಂದು ಅವ್ವ ಮನೆಯಲ್ಲಿ ಹೋಳಿಗೆ ಮಾಡಿದಳು.

ಮೇ ಎರಡನೇ ವಾರ ತೀನ್ ಕಂದೀಲ್ ಹತ್ತಿರದ ಚಹಾದಂಗಡಿಯಲ್ಲಿ ಮಾನ್ವಿಯ ಕಡೆಯ ಒಬ್ಬ ಹುಡುಗ ಸಿಕ್ಕ. ಅವನನ್ನು ಅದೇ ಕಚೇರಿಯಲ್ಲಿ ಒಮ್ಮೆ ನೋಡಿದ್ದೆ. ಅವನಿಗೂ ಪ್ರಮಾಣಪತ್ರ ಬಂದಿತ್ತು. ಇಬ್ಬರೂ ಖುಷಿಯಿಂದ ಫೋನ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆವು. ಅದೇ ಕಿರೀಟ, ಅದೇ ನೀಲಿ ಮುದ್ರೆ. ಅವನ ಫೋನಿನ ಗಾಜು ಒಡೆದಿದ್ದರಿಂದ ಸಂಖ್ಯೆ ಸರಿಯಾಗಿ ಕಾಣಲಿಲ್ಲ. ಅವನು ಬೆರಳಿಟ್ಟು ಜೋರಾಗಿ ಓದುತ್ತಾ ಹೋದ, ನಾನು ನನ್ನದನ್ನು ನೋಡುತ್ತಾ ಹೋದೆ. ಕೊನೆಯ ಅಂಕಿಯವರೆಗೂ ಎರಡೂ ಒಂದೇ ಆಗಿದ್ದವು. ಅವನು ಮತ್ತೊಮ್ಮೆ ಮೊದಲಿನಿಂದ ಓದಿದ. ಒಂದೇ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಹಾ ಕೆನೆಗಟ್ಟಿ ತಣ್ಣಗಾಯಿತು. ಅಂಗಡಿಯವನು ಬಂದು "ಯಾಕ್ರೀ, ಚಹಾ ಚಲೋ ಇಲ್ಲೇನು?" ಎಂದು ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಅಲ್ಲೇ ಕುಳಿತು, ಫೆಬ್ರುವರಿಯಲ್ಲಿ ಓದಬೇಕಾಗಿದ್ದ ಬ್ರಿಟನ್ ಸರ್ಕಾರದ ಜಾಲತಾಣವನ್ನು ತೆರೆದು ಓದಿದೆ. ಆ ಪ್ರಮಾಣಪತ್ರವೆಂಬುದು ಕಾಗದವೇ ಅಲ್ಲ. ಅದು ಅವರ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಾಗುವ ಮಾಹಿತಿ, ಒಬ್ಬೊಬ್ಬ ಕೆಲಸಗಾರನಿಗೂ ಬೇರೆ ಬೇರೆ ಸಂಖ್ಯೆ. ಹಣ್ಣು ತರಕಾರಿ ತೋಟಗಳ ಈ ಹಂಗಾಮಿ ಕೆಲಸಕ್ಕೆ ಕರೆಸಿಕೊಳ್ಳುವ ಅಧಿಕಾರ ಅಲ್ಲಿನ ಸರ್ಕಾರ ಅನುಮತಿ ಕೊಟ್ಟ ಕೆಲವೇ ಸಂಸ್ಥೆಗಳಿಗಿದೆ, ಅವುಗಳ ಹೆಸರುಗಳು ಅದೇ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇವೆ, ಮತ್ತು ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನಿಂದ ಹಣ ಪಡೆಯುವಂತಿಲ್ಲ. ವೀಸಾ ಶುಲ್ಕವೇ 300 ಪೌಂಡ್‌ಗಿಂತ ಹೆಚ್ಚು. ಪ್ರಾಯೋಜಕ ಸಂಸ್ಥೆ ಹೊಣೆ ಹೊರದಿದ್ದರೆ 1,270 ಪೌಂಡ್ ಹಣ 28 ದಿನ ನಮ್ಮ ಖಾತೆಯಲ್ಲಿ ಇದ್ದುದಕ್ಕೆ ದಾಖಲೆ ತೋರಿಸಬೇಕು. ವಸತಿ ಉಚಿತವೆಂದು ಯಾವ ನಿಯಮವೂ ಹೇಳುವುದಿಲ್ಲ, ಅದರ ಬಾಡಿಗೆಯನ್ನು ಸಂಬಳದಲ್ಲಿ ಹಿಡಿದುಕೊಳ್ಳಬಹುದು. ಇವುಗಳಲ್ಲಿ ಒಂದೇ ಒಂದು ಮಾತನ್ನು ಆ ಮನುಷ್ಯ ಮೂರು ತಿಂಗಳಲ್ಲಿ ಹೇಳಿರಲಿಲ್ಲ. ಕಡಿಮೆ ಖರ್ಚು ಎಂದು ನಾನು ತಿಳಿದದ್ದು ಖರ್ಚಿನ ಲೆಕ್ಕವೇ ಆಗಿರಲಿಲ್ಲ.

ಮರುದಿನ ಇಬ್ಬರೂ ಕೂಡಿ ಆ ಕಚೇರಿಗೆ ಹೋದೆವು. ಸಂಖ್ಯೆ ಒಂದೇ ಇದೆ ಎಂದಾಗ ಅವನ ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲ. "ಕಂಪನಿ ಒಂದ ಇದ್ದಮ್ಯಾಗ ನಂಬರ್ ಒಂದ ಇರ್ತದಲ್ಲಪಾ, ಅದು ಗ್ರೂಪ್ ನಂಬರ್" ಎಂದ. ಜಾಲತಾಣವನ್ನು ತೆರೆದು ಅವನ ಮುಂದೆ ಹಿಡಿದಾಗ ಮಾತು ಬದಲಾಯಿಸಿ, ಹಣ ವಾಪಸ್ ಕೇಳುವ ಬದಲು ಇದನ್ನೇ ಆಸ್ಟ್ರೇಲಿಯಾಕ್ಕೆ ಬದಲಾಯಿಸಿಕೊಡುತ್ತೇನೆ, ಇನ್ನು 20,000 ಕೊಟ್ಟರೆ ಸಾಕು, ನಿನ್ನ ಹೆಸರು ಬರುವಂತೆ ಮಾಡುತ್ತೇನೆ ಎಂದ. ಆಸ್ಟ್ರೇಲಿಯಾದ ಆ 'ವರ್ಕ್ ಅಂಡ್ ಹಾಲಿಡೇ' ವೀಸಾ 18ರಿಂದ 30 ವರ್ಷದ ಭಾರತೀಯರಿಗೆ 2024ರಲ್ಲಿ ತೆರೆದದ್ದು, ಇಡೀ ದೇಶಕ್ಕೆ ವರ್ಷಕ್ಕೆ 1,000 ಸ್ಥಾನ, ಹೆಸರು ನೋಂದಾಯಿಸಲು 25 ಆಸ್ಟ್ರೇಲಿಯನ್ ಡಾಲರ್, ಆಮೇಲೆ ಚೀಟಿ ಎತ್ತಿದಂತೆ ಕಂಪ್ಯೂಟರ್ ಆಯ್ಕೆ ಮಾಡುತ್ತದೆ. ಅದರಲ್ಲಿ ಹೆಸರು ಬರುವಂತೆ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ.

ಹಣ ವಾಪಸ್ ಕೊಡಿ ಎಂದು ನಾನು ಪಟ್ಟು ಹಿಡಿದಾಗ ಅವನು ಮೇಜಿನ ಖಾನೆಯಿಂದ ನನ್ನ ರಸೀದಿಯ ಪ್ರತಿಯನ್ನು ತೆಗೆದು ಬೆರಳಿಟ್ಟು ತೋರಿಸಿದ. ಸಣ್ಣ ಅಕ್ಷರಗಳಲ್ಲಿ 'ಸಮಾಲೋಚನಾ ಶುಲ್ಕ, ಮರುಪಾವತಿ ಇಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು, ಅದರ ಕೆಳಗೆ ನನ್ನ ಸಹಿ. "ನೀ ಬಿ.ಎಸ್ಸಿ. ಓದಿದಾಂವ, ಸಹಿ ಮಾಡೋ ಮುಂದ ಓದಬೇಕಿತ್ತು" ಎಂದ. ಫೆಬ್ರುವರಿಯಲ್ಲಿ ಅಪ್ಪನ ಮುಂದೆ ನನ್ನನ್ನು ಹೊಗಳಿದ ಅದೇ ಮಾತು, ಅದೇ ದನಿ. 85,000 ರೂಪಾಯಿ ಹೋದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿದೆ. ನಗದಾಗಿ ಕೊಟ್ಟ 45,000ಕ್ಕಂತೂ ರಸೀದಿಯೇ ಇಲ್ಲ, ಅದನ್ನು ತಾನು ನೋಡಿಯೇ ಇಲ್ಲವೆಂದ. ಪಾಸ್‌ಪೋರ್ಟ್ ಕೇಳಿದರೆ ಫೈಲ್ ಮುಚ್ಚುವ ಶುಲ್ಕ 3,000 ಕೊಡು ಎಂದ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಇಟ್ಟುಕೊಳ್ಳುವ ಹಕ್ಕು ನಿಮಗಿಲ್ಲ, ಈಗಲೇ ಠಾಣೆಗೆ ಹೋಗುತ್ತೇನೆ ಎಂದು ಮಾನ್ವಿಯ ಹುಡುಗ ದನಿ ಎತ್ತಿದ ಮೇಲಷ್ಟೇ ನಮ್ಮಿಬ್ಬರ ಪಾಸ್‌ಪೋರ್ಟ್‌ಗಳೂ ಖಾನೆಯಿಂದ ಹೊರಬಂದವು.

ಗಾಜಿನ ಚೌಕಟ್ಟಿನ ಆ ಎರಡು ಕಾಗದಗಳನ್ನು ನೋಡಿ ಮೋಸ ಹೋಗಬೇಡಿ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವವನು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡು ಪರವಾನಗಿ ಪಡೆದಿರಬೇಕು. ಅಂಥವರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಪರವಾನಗಿ ಇರುವವನೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 35,400ಕ್ಕಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಲೇಬೇಕು. ನಗದು ತಾ ಎನ್ನುವವನ ಕಚೇರಿಯಲ್ಲಿ ಕೂರಲೇಬೇಡಿ. ಮೂಲ ಪಾಸ್‌ಪೋರ್ಟನ್ನು ಯಾರಿಗೂ ಒಪ್ಪಿಸಬೇಡಿ. ನಿಮ್ಮ ಅಪ್ಪ ಅವ್ವನನ್ನು ಕರೆದುಕೊಂಡು ಹೋಗಿ ಇಂಥವರ ಮುಂದೆ ಕೈಮುಗಿಸಬೇಡಿ.

ಫೋನ್ ಮೂಲಕ ಕಳುಹಿಸಿದ 40,000ದ ಬಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಹಿಂಬರಹ ಪಡೆದಿದ್ದೇನೆ. ವಿದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗಿರುವ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೆ ಎರಡೂ ಪಿಡಿಎಫ್‌ಗಳ ಪ್ರತಿ ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿದ್ದೇನೆ. ಬೋರಮಾಳ ಇನ್ನೂ ಬ್ಯಾಂಕಿನಲ್ಲೇ ಇದೆ. ಒಂದೇ ಸಂಖ್ಯೆಯ ಪ್ರಮಾಣಪತ್ರ ಹಿಡಿದವರು ಇಲ್ಲಿಯವರೆಗೆ ನಾವು ಐದು ಮಂದಿ ಸೇರಿದ್ದೇವೆ, ಲಿಂಗಸುಗೂರಿನವನೊಬ್ಬ, ದೇವದುರ್ಗದ ಅಣ್ಣತಮ್ಮಂದಿರಿಬ್ಬರು. ನಿಮ್ಮ ಬಳಿಯೂ ಕಿರೀಟದ ಚಿತ್ರ, ನೀಲಿ ದುಂಡು ಮುದ್ರೆ ಇರುವ ಅಂಥ ಪಿಡಿಎಫ್ ಇದ್ದರೆ ನಾಚಿಕೆಯಿಂದ ಅಳಿಸಿಹಾಕಬೇಡಿ, ರಸೀದಿಯನ್ನೂ ವಾಟ್ಸಾಪ್ ಸಂದೇಶಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ನಮ್ಮ ಜೊತೆ ಬಂದು ದೂರಿಗೆ ಸಹಿ ಹಾಕಿ.