ಕಂಬ ದಾರಿಯ ಯಾವ ಬದಿಗಿದೆ? ಎರಡು ಬಗೆಯ ಸೌರ ಬೀದಿದೀಪಗಳ ಹೋಲಿಕೆ

ಜೋಯಿಡಾ ತಾಲ್ಲೂಕಿನ ಕಾಡಿನೊಳಗಿರುವ ನಮ್ಮ ಮಜಿರೆಗೆ ವಿದ್ಯುತ್ ತಂತಿ ಇನ್ನೂ ಬಂದಿಲ್ಲ. ಹದಿನಾಲ್ಕು ಮನೆಯವರು ಹಣ ಕೂಡಿಸಿ ಎರಡು ಬಗೆಯ ಸೌರ ಬೀದಿದೀಪಗಳನ್ನು ಹಾಕಿಸಿ, ಎರಡು ಮಳೆಗಾಲ ಕಳೆದಿದ್ದೇವೆ. ಒಂದರಲ್ಲಿ ಪ್ಯಾನೆಲ್, ಬ್ಯಾಟರಿ, ದೀಪ ಮೂರೂ ಒಂದೇ ಪೆಟ್ಟಿಗೆಯಲ್ಲಿವೆ. ಇನ್ನೊಂದರಲ್ಲಿ ಮೂರೂ ಬೇರೆ ಬೇರೆ. ಮತ್ತೆ ಕೊಳ್ಳುವುದಾದರೆ ನಾನು ಬಿಡಿ ಭಾಗಗಳದ್ದನ್ನೇ ಕೊಳ್ಳುತ್ತೇನೆ.

ಒಂದೇ ಪೆಟ್ಟಿಗೆಯ ದೀಪವನ್ನು ಹೊಳೆಗೆ ಇಳಿಯುವ ದಾರಿಯಲ್ಲಿ ಹಾಕಿದ್ದೆವು. ಮಳೆಗಾಲದಲ್ಲಿ ಅದು ಬೇಗ ಆರುವುದು ಸಹಜವೆಂದು ತಾಳಿಕೊಂಡೆವು. ಆದರೆ ಮೋಡದ ಸುಳಿವೇ ಇಲ್ಲದ ಡಿಸೆಂಬರಿನಲ್ಲಿಯೂ ನಡುರಾತ್ರಿಗೆ ಮೊದಲೇ ಆರತೊಡಗಿತು. ಮಾರಿದವರು ಬ್ಯಾಟರಿಯ ದೋಷವೆಂದು ಹೇಳಿ ಬೇರೆ ಬ್ಯಾಟರಿ ಹಾಕಿಕೊಟ್ಟರು. ಆಮೇಲೂ ಅದೇ ಕಥೆ.

ಕಾರಣ ತಿಳಿದದ್ದು ಏಣಿ ಹತ್ತಿ ನೋಡಿದಾಗ. ಈ ಬಗೆಯ ದೀಪದಲ್ಲಿ ಪ್ಯಾನೆಲ್ ದೀಪದ ಬೆನ್ನ ಮೇಲೆಯೇ ಇರುವುದರಿಂದ, ದೀಪದ ತೋಳು ಚಾಚಿದ ದಿಕ್ಕೇ ಪ್ಯಾನೆಲ್ಲಿನ ವಾಲುವಿಕೆಯನ್ನೂ ನಿರ್ಧರಿಸುತ್ತದೆ. ದಕ್ಷಿಣದಲ್ಲಿರುವ ಗದ್ದೆಯ ಬದು ಮಳೆಗೆ ಕುಸಿಯುತ್ತದೆಂದು ನಾವು ಕಂಬವನ್ನು ದಾರಿಯ ಉತ್ತರದ ಅಂಚಿನಲ್ಲಿ ನೆಟ್ಟಿದ್ದೆವು. ತೋಳು ದಕ್ಷಿಣಕ್ಕೆ ಚಾಚಿ ತುದಿಯಲ್ಲಿ ಮೇಲೆದ್ದಿತ್ತು. ಹಾಗಾಗಿ ಪ್ಯಾನೆಲ್ ಕಂಬದ ಕಡೆಗೆ, ಎಂದರೆ ಉತ್ತರಕ್ಕೆ, ಸುಮಾರು 15 ಡಿಗ್ರಿ ವಾಲಿತ್ತು. ನಮ್ಮ ಊರು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಹಗಲಿನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 38 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ. ಎರಡೂ ಸೇರಿ ಬಿಸಿಲು 53 ಡಿಗ್ರಿ ಓರೆಯಾಗಿ ಬೀಳುತ್ತಿತ್ತು. ನೇರ ಬಿಸಿಲಿನಲ್ಲಿ ಸಿಗುವುದರ ನೂರಕ್ಕೆ 60ರಷ್ಟೇ ದಕ್ಕುತ್ತಿತ್ತು. ಅದೇ ಪ್ಯಾನೆಲ್ ಅಷ್ಟೇ ದಕ್ಷಿಣಕ್ಕೆ ವಾಲಿದ್ದರೆ ನೂರಕ್ಕೆ 92ರಷ್ಟು ಸಿಗುತ್ತಿತ್ತು. ತೋಳನ್ನು ಉತ್ತರಕ್ಕೆ ತಿರುಗಿಸಿ ನೋಡಿದೆವು. ಪಕ್ಕದ ಮನೆಯ ಕೊಟ್ಟಿಗೆಗೆ ಬೆಳಕು ಬಿತ್ತು, ದಾರಿ ಕತ್ತಲಾಯಿತು. ಬೆಳಗಿನ ಹೊತ್ತು ಹಲಸಿನ ಮರದ ನೆರಳೂ ಅದರ ಮೇಲೆ ಬೀಳುತ್ತಿತ್ತು.

ಬಿಡಿ ಭಾಗಗಳ ದೀಪಕ್ಕೆ ಈ ಕಟ್ಟುಪಾಡಿಲ್ಲ. ಅದರ ಪ್ಯಾನೆಲ್ಲನ್ನು ಕಂಬದಿಂದ 12 ಮೀಟರ್ ದೂರದ ಅಡಿಕೆ ಅಂಗಳದ ಅಂಚಿನಲ್ಲಿ ಬೇರೆ ಪೈಪ್ ನೆಟ್ಟು, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದೆವು. ಅಲ್ಲಿಂದ ದಪ್ಪನೆಯ ತಾಮ್ರದ ತಂತಿ ಎಳೆದೆವು. ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟ್, 30 ಆಂಪಿಯರ್-ಅವರ್. 12 ವ್ಯಾಟ್ ದೀಪ ರಾತ್ರಿಯಿಡೀ ಉರಿದರೂ ಎರಡು ರಾತ್ರಿಗೆ ಸಾಕು. ಜುಲೈಯಲ್ಲಿ ಮೂರು ದಿನ ಜಡಿಮಳೆ ಹಿಡಿದರೆ ಅದೂ ಸೋಲುತ್ತದೆ. ಆದ್ದರಿಂದ ರಾತ್ರಿ ಹತ್ತರ ಮೇಲೆ ಬೆಳಕು ಅರ್ಧಕ್ಕೆ ಇಳಿಯುವಂತೆ ಕಂಟ್ರೋಲರಿನಲ್ಲಿ ಹೊಂದಿಸಿದ್ದೇವೆ.

ಬೆಳಕಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಕೂರಿಸುವುದರಲ್ಲಿ ಒಂದೇ ಪೆಟ್ಟಿಗೆಯದೇ ಮೇಲು: ಅದಕ್ಕೆ ಅರ್ಧ ಗಂಟೆ ಸಾಕಾಯಿತು, ಬಿಡಿ ಭಾಗಗಳದ್ದಕ್ಕೆ ಇಡೀ ದಿನ ಹಿಡಿಯಿತು.

ಇವೆರಡಕ್ಕೂ ಮೊದಲು ನಮ್ಮಲ್ಲಿ ಕಂಬದ ಬುಡದ ಕಬ್ಬಿಣದ ಪೆಟ್ಟಿಗೆಯಲ್ಲಿ ಟ್ಯೂಬುಲರ್ ಬ್ಯಾಟರಿ ಇದ್ದ ಹಳೆಯ ದೀಪವಿತ್ತು. ಬ್ಯಾಟರಿ ನೀರು ಹಾಕುವುದು ಎಲ್ಲರ ಕೆಲಸವಾದ್ದರಿಂದ ಯಾರೂ ಹಾಕಲಿಲ್ಲ. ಟರ್ಮಿನಲ್ಲಿಗೆ ಕಿಲುಬು ಕಟ್ಟಿ ಅದು ಕೆಟ್ಟಿತು. ಅದನ್ನು ಮತ್ತೆ ಯಾರೂ ಕೇಳಲಿಲ್ಲ.

ಒಂದೇ ಪೆಟ್ಟಿಗೆಯದು ನಮಗೆ ಸುಮಾರು 7,000 ರೂಪಾಯಿಗೆ ಸಿಕ್ಕಿತು. ಇನ್ನೊಂದಕ್ಕೆ ಪೈಪ್, ತಂತಿ ಸೇರಿ 12,500 ಬಿತ್ತು. ನಾನು ದಾಂಡೇಲಿಗೆ ಹೋಗುವುದೇ ತಿಂಗಳಿಗೊಮ್ಮೆ, ಕೆಟ್ಟದ್ದನ್ನು ಹೊತ್ತು ತಿರುಗುವ ಪುರುಸೊತ್ತಿಲ್ಲ. ಹಾಗಾಗಿ ಹೆಚ್ಚಿನ ಹಣ ನನಗೆ ಭಾರವೆನಿಸಲಿಲ್ಲ. ಹೊಳೆಯ ದಾರಿಗೂ ಈಗ ಬಿಡಿ ಭಾಗಗಳ ದೀಪವನ್ನೇ ತರಿಸಿದ್ದೇವೆ. ಶಾಲೆಯ ತಿರುವಿನ ಕಂಬ ದಾರಿಯ ದಕ್ಷಿಣ ಬದಿಗಿದೆ, ಅಲ್ಲಿ ಮರದ ನೆರಳೂ ಇಲ್ಲ. ಹೊಳೆಯ ದಾರಿಯಿಂದ ಬಿಚ್ಚಿದ ಹಳೆಯ ಪೆಟ್ಟಿಗೆಯನ್ನು ಅಲ್ಲಿ ಕೂರಿಸಿದ ಮೇಲೆ, ಈ ಬೇಸಿಗೆಯಲ್ಲಿ ಅದು ಬೆಳಗಿನವರೆಗೂ ಉರಿಯುತ್ತಿದೆ.