ಹುಬ್ಬಳ್ಳಿ-ಧಾರವಾಡದಿಂದ ಕಡಲ ದಂಡೆಯ ರೆಸಾರ್ಟ್‌ಗೆ: ಮ್ಯಾರಿಯಟ್ ಬಾನ್‌ವಾಯ್ ಎಚ್‌ಡಿಎಫ್‌ಸಿ ಕಾರ್ಡ್, ದೀರ್ಘ ಬಳಕೆಯ ವಿಮರ್ಶೆ

ಈ ಕ್ರೆಡಿಟ್ ಕಾರ್ಡನ್ನು ವರ್ಷಕ್ಕೊಂದು ಸಿಗುವ ಫ್ರೀ ನೈಟ್‌ಗಾಗಿ, ಅಂದರೆ ಮ್ಯಾರಿಯಟ್ ಹೋಟೆಲ್‌ನಲ್ಲಿ ಒಂದು ರಾತ್ರಿಯ ಬಿಟ್ಟಿ ಕೋಣೆಗಾಗಿ ಇಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಉಜ್ಜಿ ಪಾಯಿಂಟ್ ಕೂಡಿಸಿ ಮಾಲ್ಡೀವ್ಸ್ ನೋಡುವ ಲೆಕ್ಕದಲ್ಲಿ ತಗೊಂಡರೆ ಎರಡು ವರ್ಷಕ್ಕೇ ಬೇಸರ ಬರುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಇದು ಬೆಂಗಳೂರಿನವರಿಗಿಂತ ಹೆಚ್ಚು ಕೆಲಸಕ್ಕೆ ಬರುವ ಕಾರ್ಡ್ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ ಸರಳ: ಗೋವಾ ನಮಗೆ ಕಾರಿನ ದೂರದಲ್ಲಿದೆ, ವಿಮಾನದ ಟಿಕೆಟ್ ಬೇಕಿಲ್ಲ.

ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಮ್ಯಾರಿಯಟ್ ಹೋಟೆಲ್ ಸಮೂಹ ಸೇರಿ 2023ರ ಆಗಸ್ಟ್‌ನಲ್ಲಿ ತಂದ ಕಾರ್ಡ್ ಇದು. ಬಾನ್‌ವಾಯ್ ಎಂಬುದು ಮ್ಯಾರಿಯಟ್‌ನ ಸದಸ್ಯರ ಪಾಯಿಂಟ್ ಯೋಜನೆ. ವರ್ಷಕ್ಕೆ ಶುಲ್ಕ 3,000 ರೂಪಾಯಿ, ಜಿಎಸ್‌ಟಿ ಸೇರಿ 3,540. ಸೇರಿದಾಗ ಒಂದು ಫ್ರೀ ನೈಟ್, ಆಮೇಲೆ ಪ್ರತಿ ನವೀಕರಣಕ್ಕೆ ಒಂದೊಂದು. ಕಾರ್ಡ್ ವರ್ಷದಲ್ಲಿ 6 ಲಕ್ಷ, 9 ಲಕ್ಷ, 15 ಲಕ್ಷ ರೂಪಾಯಿ ಖರ್ಚು ದಾಟಿದಾಗ ಮತ್ತೊಂದೊಂದು. ಪ್ರತಿ ಫ್ರೀ ನೈಟ್ ಪಾಯಿಂಟ್ ಲೆಕ್ಕದಲ್ಲಿ ಬೆಲೆ 15,000ದೊಳಗಿರುವ ಕೋಣೆಗೆ ನಡೆಯುತ್ತದೆ. ಇದರ ಜೊತೆ ಬಾನ್‌ವಾಯ್‌ನಲ್ಲಿ ಸಿಲ್ವರ್ ಎಲೀಟ್ ಎಂಬ ಸದಸ್ಯ ದರ್ಜೆ ಬರುತ್ತದೆ. ಆ ದರ್ಜೆಯಿಂದ ದೊಡ್ಡದೇನೂ ನಿರೀಕ್ಷಿಸಬೇಡಿ, ಬೆಳಗಿನ ನಾಷ್ಟಾ ಅದರಲ್ಲಿ ಸೇರಿಲ್ಲ.

ಪಾಯಿಂಟ್ ಗಳಿಕೆ ಹೀಗಿದೆ: ಪ್ರತಿ 150 ರೂಪಾಯಿಗೆ ಮ್ಯಾರಿಯಟ್ ಹೋಟೆಲ್‌ಗಳಲ್ಲಿ 8, ಪ್ರಯಾಣ, ಊಟ, ಮನರಂಜನೆಯ ಖರ್ಚಿಗೆ 4, ಉಳಿದದ್ದಕ್ಕೆ 2. ಕಿರಾಣಿ, ಬಟ್ಟೆ, ಔಷಧ ಎಲ್ಲ ಆ ಕೊನೆಯ ಸಾಲಿನಲ್ಲೇ ಬೀಳುತ್ತವೆ. 2 ಪಾಯಿಂಟ್ ದರದಲ್ಲಿ 15,000 ಪಾಯಿಂಟ್ ಕೂಡಬೇಕಾದರೆ 11,25,000 ರೂಪಾಯಿ ಖರ್ಚಾಗಬೇಕು. ಅದೇ ಒಂದು ರಾತ್ರಿಯನ್ನು ನವೀಕರಣ 3,540 ರೂಪಾಯಿಗೆ ಕೊಡುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾರ್ಡನ್ನು ಹೇಗೆ ಬಳಸಬೇಕೆಂಬುದು ತಾನೇ ತಿಳಿಯುತ್ತದೆ. 6 ಲಕ್ಷದ ಗುರಿ ಎಂದರೆ ತಿಂಗಳಿಗೆ 50,000. ಮನೆಯಲ್ಲಿ ಮದುವೆಯೋ ಮನೆ ಕಟ್ಟುವ ಕೆಲಸವೋ ಇರುವ ವರ್ಷ ಅದು ತಾನಾಗಿ ಆಗುತ್ತದೆ. ಇಲ್ಲದ ವರ್ಷ ಗುರಿ ಮುಟ್ಟಲೆಂದೇ ಬೇಡದ್ದನ್ನು ಕೊಳ್ಳುವುದು ದಂಡ.

ನಮ್ಮ ಊರುಗಳಲ್ಲಿ ಇದರ ದೊಡ್ಡ ತೊಡಕು ನೆಟ್‌ವರ್ಕ್. ಕಾರ್ಡ್ ಡೈನರ್ಸ್ ಕ್ಲಬ್‌ನದು, ವೀಸಾ, ರುಪೇಯಂತೆ ಅದೂ ಒಂದು ಪಾವತಿ ಜಾಲ. ದೊಡ್ಡ ಶೋರೂಮ್, ಮಾಲ್, ಆನ್‌ಲೈನ್ ಪಾವತಿಯಲ್ಲಿ ನಡೆಯುತ್ತದೆ. ಹುಬ್ಬಳ್ಳಿಯ ದುರ್ಗದಬೈಲ್, ದಾಜಿಬಾನ್ ಪೇಟೆಯಂಥ ಕಡೆ ಸ್ವೈಪ್ ಯಂತ್ರ ಯಾವ ಬ್ಯಾಂಕಿನದು ಎಂಬುದರ ಮೇಲೆ ನಿಂತಿದೆ. ಬಿಲ್ ಮಾಡಿಸುವ ಮೊದಲೇ ‘ಡೈನರ್ಸ್ ತಗೋತೀರೇನ್ರಿ’ ಅಂತ ಕೇಳಿಬಿಡಿ. ಚಿಕ್ಕ ಅಂಗಡಿಗಳು ಯುಪಿಐ ಮೇಲೆಯೇ ನಡೆಯುತ್ತವೆ, ಅಲ್ಲಿಗೆ ಬೇರೆ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿಟ್ಟುಕೊಂಡರೆ ಸಾಕು. ಕೆಲವು ಅಂಗಡಿಗಳಲ್ಲಿ ಕಾರ್ಡ್ ಎಂದ ಕೂಡಲೇ ಶೇ 2 ಹೆಚ್ಚು ಕೇಳುತ್ತಾರೆ. 50,000ದ ಬಿಲ್‌ಗೆ ಅದು 1,000 ರೂಪಾಯಿ, ಸಿಗುವ ಪಾಯಿಂಟ್ 666. ಅಂಥ ಕಡೆ ಕಾರ್ಡ್ ತೆಗೆಯಲೇಬೇಡಿ. ಮನೆ ಬಾಡಿಗೆ ಮತ್ತು ಪೆಟ್ರೋಲ್‌ಗೆ ಪಾಯಿಂಟ್ ಇಲ್ಲ. ಕಾಲೇಜಿನ ಫೀಯನ್ನು ಮೂರನೆಯವರ ಆ್ಯಪ್‌ನಿಂದ ಕಟ್ಟಿದರೆ ಬ್ಯಾಂಕ್ ಶೇ 1 ಶುಲ್ಕ ಹಾಕುತ್ತದೆ. ಕಾಲೇಜಿನ ಸ್ವಂತ ವೆಬ್‌ಸೈಟ್‌ನಲ್ಲೋ ಅಲ್ಲಿಯ ಯಂತ್ರದಲ್ಲೋ ಕಟ್ಟಿದರೆ ಆ ಶುಲ್ಕ ಬೀಳುವುದಿಲ್ಲ.

ಇನ್ನು ಗೋವಾ. ಹುಬ್ಬಳ್ಳಿಯಿಂದ ಪಣಜಿ ಸುಮಾರು 180 ಕಿ.ಮೀ. ಬೆಳಿಗ್ಗೆ ನಾಷ್ಟಾ ಮುಗಿಸಿ ಹೊರಟರೆ ಚೆಕ್-ಇನ್ ಹೊತ್ತಿಗೆ ಸರಿಯಾಗಿ ತಲುಪಬಹುದು. ಬೆಂಗಳೂರಿನವರು ಇಬ್ಬರ ವಿಮಾನಕ್ಕೆ ಕೊಡುವ ಹಣ ನಮಗೆ ಉಳಿಯುತ್ತದೆ, ಅದರಲ್ಲಿ ಎರಡನೆಯ ರಾತ್ರಿಯ ಕೋಣೆಯನ್ನೇ ಹಿಡಿಯಬಹುದು. ಮಳೆಗಾಲದಲ್ಲಿ ದಾರಿ ಬಗ್ಗೆ ಎಚ್ಚರ ಬೇಕು. ಉತ್ತರ ಕನ್ನಡದ ರಾಮನಗರ ದಾಟಿದ ಮೇಲೆ ಬರುವ ಅನ್ಮೋಡ ಘಾಟಿಯಲ್ಲಿ ಗುಡ್ಡ ಕುಸಿಯುವುದುಂಟು, ಆಗ ಬೆಳಗಾವಿ ಸುತ್ತಿ ಚೋರ್ಲಾ ಘಾಟಿಯಿಂದ ಇಳಿಯಬೇಕಾಗುತ್ತದೆ. ದಕ್ಷಿಣ ಗೋವಾಕ್ಕಾದರೆ ಯಲ್ಲಾಪುರ, ಕಾರವಾರದ ದಾರಿಯೂ ಇದೆ. ಕಾರು ಬೇಡವೆಂದರೆ ವಾಯವ್ಯ ಸಾರಿಗೆ ಬಸ್ ಇದೆ, ಲೋಂಡಾ ಮಾರ್ಗದ ರೈಲಿದೆ. ರೈಲಿನಲ್ಲಿ ಹೋದರೆ ಮಳೆಗಾಲದ ದೂಧಸಾಗರ ಕಿಟಕಿಯಿಂದಲೇ ಕಾಣುತ್ತದೆ. ಅದೊಂದಕ್ಕೇ ರೈಲು ಹತ್ತಬಹುದು.

ಮ್ಯಾರಿಯಟ್ 2022ರಿಂದ ಹೋಟೆಲ್‌ಗಳಿಗೆ ನಿಗದಿತ ಪಾಯಿಂಟ್ ಪಟ್ಟಿಯನ್ನು ಕೈಬಿಟ್ಟಿದೆ. ಒಂದೇ ಕೋಣೆಯ ಪಾಯಿಂಟ್ ಬೆಲೆ ದಿನದಿನಕ್ಕೂ ಬೇರೆ. ಹಾಗಾಗಿ ಮೊದಲು ತಾರೀಕು ಹಿಡಿದು ಆಮೇಲೆ ಹೋಟೆಲ್ ಹುಡುಕುವ ನಮ್ಮ ರೂಢಿಯನ್ನು ಇಲ್ಲಿ ತಿರುಗಿಸಬೇಕು. ಆ್ಯಪ್‌ನಲ್ಲಿ ಹೋಟೆಲ್ ಆರಿಸಿ, ಪಾಯಿಂಟ್ ಬಳಕೆಯ ಗುರುತು ಹಾಕಿ, ತಾರೀಕು ಬದಲಾಯಿಸಬಹುದೆಂಬ ಆಯ್ಕೆ ಒತ್ತಿದರೆ ಇಡೀ ತಿಂಗಳ ಬೆಲೆ ಕ್ಯಾಲೆಂಡರ್‌ನಂತೆ ತೆರೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಭಾನುವಾರದಿಂದ ಗುರುವಾರದ ರಾತ್ರಿಗಳನ್ನು ಮೊದಲು ನೋಡಿ. ಬೆನೌಲಿಮ್, ಅಂಜುನಾದಲ್ಲಿರುವ ಮ್ಯಾರಿಯಟ್‌ನ ಕಡಿಮೆ ದರದ ಫೇರ್‌ಫೀಲ್ಡ್ ಹೋಟೆಲ್‌ಗಳಿಂದ ಶುರುಮಾಡಿ ಮೇಲಿನವಕ್ಕೆ ಹೋಗಿ. ಸೇಂಟ್ ರೀಜಿಸ್, ಡಬ್ಲ್ಯೂನಂಥ ಐಷಾರಾಮಿ ಹೋಟೆಲ್‌ಗಳು 15,000ದೊಳಗೆ ಸಿಗುತ್ತವೆಂಬ ಆಸೆ ಬೇಡ. ನಡುವಿನ ದರ್ಜೆಯವಕ್ಕೆ ಒಂದು ಉಪಾಯವಿದೆ. ಫ್ರೀ ನೈಟ್ ಮೇಲೆ ನಿಮ್ಮ ಖಾತೆಯ ಪಾಯಿಂಟ್ ಸೇರಿಸಿ ದುಬಾರಿ ಕೋಣೆ ಹಿಡಿಯುವ ಸೌಲಭ್ಯವೂ 2022ರಲ್ಲೇ ಬಂತು, ಆಗ ಮಿತಿ 15,000 ಪಾಯಿಂಟ್ ಇತ್ತು. ವರ್ಷವಿಡೀ ಕೂಡಿದ ಚಿಲ್ಲರೆ ಪಾಯಿಂಟ್‌ಗಳಿಗೆ ಇದಕ್ಕಿಂತ ಒಳ್ಳೆಯ ಬಳಕೆ ನಮಗೆ ಕಂಡಿಲ್ಲ. ಅವನ್ನು ವಿಮಾನ ಕಂಪನಿಗಳ ಪಾಯಿಂಟ್ ಆದ ಮೈಲ್ಸ್‌ಗೆ ಬದಲಿಸಿದರೆ ಮೂರಕ್ಕೆ ಒಂದೇ ಸಿಗುತ್ತದೆ.

ಫ್ರೀ ನೈಟ್ ಹಾಕುವ ಮೊದಲು ಪ್ರತಿ ಸಲ ಒಂದು ಭಾಗಾಕಾರ ಮಾಡಿ: ತೆರಿಗೆ ಸೇರಿದ ನಗದು ಬೆಲೆಯನ್ನು ಪಾಯಿಂಟ್ ಸಂಖ್ಯೆಯಿಂದ ಭಾಗಿಸಿ. ಕೋಣೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. 7,500 ದಾಟಿದ್ದರಿಂದ ಶೇ 18 ಜಿಎಸ್‌ಟಿ, ಒಟ್ಟು 10,620. ಅದಕ್ಕೆ 15,000 ಪಾಯಿಂಟ್ ಕೇಳಿದರೆ ಒಂದು ಪಾಯಿಂಟ್‌ಗೆ 70 ಪೈಸೆ ಬಿತ್ತು, ಒಳ್ಳೆಯ ವ್ಯಾಪಾರ. ಅದೇ 6,000ದ ಕೋಣೆಗೆ ಶೇ 5 ತೆರಿಗೆ ಸೇರಿ 6,300, ಅದಕ್ಕೂ 15,000 ಕೇಳಿದರೆ 42 ಪೈಸೆ. 50 ಪೈಸೆಗಿಂತ ಕೆಳಗಿದ್ದರೆ ನಗದು ಕೊಟ್ಟು ಫ್ರೀ ನೈಟ್ ಉಳಿಸಿಕೊಳ್ಳಿ.

ಕೆಡುವುದು ಎಲ್ಲಿ? ಮೊದಲನೆಯದು ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ, ಕಾರ್ಡಿನಲ್ಲಿ ಎರಡೇ. ಬಾನ್‌ವಾಯ್ ಖಾತೆ, ಕಾರ್ಡ್, ಗುರುತಿನ ಚೀಟಿ ಮೂರರಲ್ಲೂ ಹೆಸರು ಹೊಂದುವಂತೆ ಮೊದಲೇ ಸರಿಮಾಡಿಸಿ. ಈಗಾಗಲೇ ಬಾನ್‌ವಾಯ್ ಖಾತೆ ಇದ್ದವರು ಕಾರ್ಡಿನ ಅರ್ಜಿಯಲ್ಲಿ ಅದೇ ಇಮೇಲ್, ಅದೇ ಮೊಬೈಲ್ ಕೊಡಬೇಕು. ಇಲ್ಲವಾದರೆ ಹೊಸ ಖಾತೆ ಹುಟ್ಟಿ ಫ್ರೀ ನೈಟ್ ಅಲ್ಲಿಗೆ ಹೋಗಿ ಕೂಡುತ್ತದೆ, ಎರಡನ್ನೂ ಸೇರಿಸಲು ಮ್ಯಾರಿಯಟ್ ಸಹಾಯವಾಣಿಯ ಬೆನ್ನು ಹತ್ತಬೇಕು.

ಎರಡನೆಯದು ಅವಧಿ. ಫ್ರೀ ನೈಟ್‌ಗೆ ಒಂದು ವರ್ಷದ ಆಯುಷ್ಯ. ಆ ತಾರೀಕಿನೊಳಗೆ ಬುಕ್ ಮಾಡಿದರೆ ಸಾಲದು, ಉಳಿದುಕೊಂಡು ಬಂದಿರಬೇಕು. ಬುಕಿಂಗ್ ರದ್ದು ಮಾಡಿ ಅಷ್ಟರೊಳಗೆ ಮತ್ತೆ ಬಳಸದಿದ್ದರೆ ಫ್ರೀ ನೈಟ್ ಹೋಯಿತೆಂದೇ ಲೆಕ್ಕ. ಪಾಯಿಂಟ್‌ಗಳೂ 24 ತಿಂಗಳು ಖಾತೆಯಲ್ಲಿ ಯಾವ ಚಲನೆಯೂ ಇಲ್ಲದಿದ್ದರೆ ಅಳಿಯುತ್ತವೆ, ಆದರೆ ಕಾರ್ಡ್ ಬಳಸುತ್ತಿದ್ದವರಿಗೆ ಆ ಚಿಂತೆ ಇಲ್ಲ.

ಗಂಡ-ಹೆಂಡತಿ ಇಬ್ಬರೂ ಕಾರ್ಡ್ ತಗೊಂಡರೆ ವರ್ಷಕ್ಕೆ ಎರಡು ರಾತ್ರಿ, ಒಟ್ಟು ಖರ್ಚು 7,080. ಗೋವಾದ ಮಟ್ಟಿಗೆ ಇದೇ ಅತ್ಯುತ್ತಮ ಜೋಡಣೆ. ಪಾಯಿಂಟ್‌ಗಳನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು, ಫ್ರೀ ನೈಟ್ ಮಾತ್ರ ಆಗದು. ಹಾಗಾಗಿ ಒಂದೊಂದು ರಾತ್ರಿ ಒಬ್ಬೊಬ್ಬರ ಖಾತೆಯಿಂದ ಬುಕ್ ಆಗುತ್ತದೆ. ಎರಡೂ ಒಂದೇ ದರ್ಜೆಯ ಕೋಣೆಯಾಗಿರಲಿ, ಎರಡೂ ಬುಕಿಂಗ್ ಸಂಖ್ಯೆ ಬರೆದು ಹೋಟೆಲ್‌ಗೆ ಇಮೇಲ್ ಕಳಿಸಿ ‘ಒಂದೇ ಕೋಣೆಯಲ್ಲಿ ಮುಂದುವರಿಸಿ’ ಎಂದು ಕೇಳಿ. ಹೀಗೆ ಮಾಡದಿದ್ದರೆ ಮರುದಿನ ಮಧ್ಯಾಹ್ನ ಚೀಲ ಕಟ್ಟಿಕೊಂಡು ರಿಸೆಪ್ಷನ್‌ನಲ್ಲಿ ಕೂಡಬೇಕಾಗುತ್ತದೆ. ಮಕ್ಕಳಿದ್ದರೆ ಬುಕಿಂಗ್‌ನಲ್ಲೇ ವಯಸ್ಸು ನಮೂದಿಸಿ, ಹೆಚ್ಚುವರಿ ಹಾಸಿಗೆಗೆ ನಗದು ಕೇಳುತ್ತಾರೆ. ನಾಷ್ಟಾದ ದರವನ್ನೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ. ಹೆಚ್ಚೆನಿಸಿದರೆ ಹೊರಗಿನ ಕೆಫೆಯಲ್ಲಿ ಭಾಜಿ-ಪಾವ್ ತಿಂದು ಬರುವುದೇ ಲೇಸು.

ವಿದೇಶದ ಮಾತಿಗೆ ಬಂದರೆ, ಪಾಯಿಂಟ್ ಇರುವವರೆಲ್ಲ ಮೊದಲು ನೋಡುವುದು ಮಾಲ್ಡೀವ್ಸ್. ನಾವು ಬಾಲಿಯನ್ನು ಮೊದಲು ಹೇಳುತ್ತೇವೆ. ಮಾಲ್ಡೀವ್ಸ್‌ನಲ್ಲಿ ಪಾಯಿಂಟ್ ತೀರಿಸುವುದು ಕೋಣೆಯ ಬೆಲೆಯನ್ನು ಮಾತ್ರ. ದ್ವೀಪ ತಲುಪಲು ರೆಸಾರ್ಟ್‌ನದೇ ಸ್ಪೀಡ್‌ಬೋಟ್ ಇಲ್ಲವೇ ಸೀಪ್ಲೇನ್ ಹಿಡಿಯಬೇಕು. ಸೀಪ್ಲೇನ್ ಆದರೆ ಒಬ್ಬೊಬ್ಬರಿಗೆ ನೂರಾರು ಡಾಲರ್. ಅದು ಹಗಲಲ್ಲಿ ಮಾತ್ರ ಹಾರುವುದರಿಂದ ಸಂಜೆ ಇಳಿಯುವ ವಿಮಾನ ಹಿಡಿದವರು ಆ ರಾತ್ರಿ ಮಾಲೆ ಕಡೆಯೇ ಕೋಣೆ ಮಾಡಬೇಕು. ರೆಸಾರ್ಟ್‌ಗಳಲ್ಲಿ ಗ್ರೀನ್ ಟ್ಯಾಕ್ಸ್ 2025ರ ಜನವರಿಯಿಂದ ಒಬ್ಬರಿಗೆ ರಾತ್ರಿಗೆ 12 ಡಾಲರ್, ಅಂದರೆ ಇಬ್ಬರಿಗೆ ನಾಲ್ಕು ರಾತ್ರಿಗೆ 96. ಊಟಕ್ಕೆ ದ್ವೀಪದಲ್ಲಿ ಬೇರೆ ಗತಿಯಿಲ್ಲ, ಬಿಲ್ ಮೇಲೆ ಸೇವಾ ಶುಲ್ಕ ಶೇ 10, ಅದರ ಮೇಲೆ 2025ರ ಜುಲೈಯಿಂದ ಶೇ 17 ತೆರಿಗೆ. ಹೋಗಲೇಬೇಕೆನ್ನುವವರು ಮಾಲೆ ವಿಮಾನ ನಿಲ್ದಾಣಕ್ಕೆ ಹತ್ತಿರದ ಶೆರಟನ್ ಫುಲ್ ಮೂನ್ ನೋಡಲಿ, ಸ್ಪೀಡ್‌ಬೋಟ್‌ನಲ್ಲೇ ತಲುಪಬಹುದು. ಭಾರತೀಯರು ಪ್ರವಾಸಕ್ಕೆ ಮೊದಲೇ ವೀಸಾ ಮಾಡಿಸಬೇಕಿಲ್ಲ. ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ಮಾಲ್ಡೀವ್ಸ್ ಸರ್ಕಾರದ ‘ಇಮುಗಾ’ ವೆಬ್‌ಸೈಟ್‌ನಲ್ಲಿ ಅರ್ಜಿ ತುಂಬಿರಬೇಕು.

ಬಾಲಿಯಲ್ಲಿ ಈ ಬೋಟಿನ ಖರ್ಚೇ ಇಲ್ಲ. ಡೆನ್‌ಪಸಾರ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ ರೆಸಾರ್ಟ್‌ಗಳಿರುವ ನುಸಾ ದುವಾ, ಹೊರಗೆ ಕಾಲಿಟ್ಟರೆ ಅಗ್ಗದ ಊಟ. ವೀಸಾಕ್ಕೆ 5 ಲಕ್ಷ ಇಂಡೊನೇಷ್ಯನ್ ರುಪಿಯಾ, ಪ್ರವಾಸಿ ಶುಲ್ಕ ಒಂದೂವರೆ ಲಕ್ಷ ರುಪಿಯಾ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣ ಹವೆ, ನಮ್ಮ ಮಕ್ಕಳ ಬೇಸಿಗೆ ರಜೆಗೂ ದಸರಾ ರಜೆಗೂ ಹೊಂದುತ್ತದೆ. ಐದು ರಾತ್ರಿ ಪೂರ್ತಿ ಪಾಯಿಂಟ್‌ನಲ್ಲೇ ಬುಕ್ ಮಾಡಿದರೆ ಅತಿ ಕಡಿಮೆ ಬೆಲೆಯ ಒಂದು ರಾತ್ರಿ ಬಿಟ್ಟಿ. ಈ ಲೆಕ್ಕಕ್ಕೆ ಫ್ರೀ ನೈಟ್ ಸೇರುವುದಿಲ್ಲ, ಎರಡನ್ನೂ ಬೆರೆಸಬೇಡಿ. ಪಾಯಿಂಟ್ ಕಡಿಮೆ ಬಿದ್ದರೆ ಮ್ಯಾರಿಯಟ್ ಬೋನಸ್ ಸೇರಿಸಿ ಪಾಯಿಂಟ್ ಮಾರುವಾಗ ಮಾತ್ರ ಕೊಳ್ಳಿ. ಮೂಲ ಬೆಲೆ 1,000ಕ್ಕೆ 12.5 ಡಾಲರ್, ಅದು ದುಬಾರಿ.

ಒಂದು ಮಾತು ಒತ್ತಿ ಹೇಳಬೇಕು: ವಿದೇಶದಲ್ಲಿ ಈ ಕಾರ್ಡ್ ಉಜ್ಜಬೇಡಿ. ವಿದೇಶಿ ವಿನಿಮಯ ಶುಲ್ಕ ಶೇ 3.5, ಜಿಎಸ್‌ಟಿ ಸೇರಿ 4.13. ಅಲ್ಲಿಯ ಮ್ಯಾರಿಯಟ್‌ನಲ್ಲಿ ಒಂದು ಲಕ್ಷ ರೂಪಾಯಿ ಕಟ್ಟಿದರೆ ಶುಲ್ಕವೇ 4,130. ಬರುವ 5,333 ಪಾಯಿಂಟ್‌ಗೆ 60 ಪೈಸೆಯಂತೆ ಹಿಡಿದರೂ 3,200. ಹೊರಗಿನ ಖರ್ಚಿಗೆ ವಿನಿಮಯ ಶುಲ್ಕವಿಲ್ಲದ ಬೇರೆ ಕಾರ್ಡ್ ಇಟ್ಟುಕೊಳ್ಳಿ. ಹೋಟೆಲ್ ಕೊಡುವ ಮೂಲ ಪಾಯಿಂಟ್‌ಗಳು ಯಾವ ಕಾರ್ಡ್‌ನಲ್ಲಿ ಕಟ್ಟಿದರೂ ಬರುತ್ತವೆ.

ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಲಾಗದವರು ಇದರ ಹತ್ತಿರ ಬರಲೇಬಾರದು. ಬಾಕಿಯ ಮೇಲೆ ಬಡ್ಡಿ ತಿಂಗಳಿಗೆ ಶೇ 3.5ರ ಮೇಲೆ, ಅದಕ್ಕೂ ಜಿಎಸ್‌ಟಿ. 50,000 ರೂಪಾಯಿಯನ್ನು ಎರಡು ತಿಂಗಳು ಬಾಕಿ ಇಟ್ಟರೆ ವರ್ಷದ ಶುಲ್ಕಕ್ಕಿಂತ ಹೆಚ್ಚು ಹಣ ಬಡ್ಡಿಗೇ ಹೋಗುತ್ತದೆ. ವರ್ಷದಲ್ಲಿ ಒಮ್ಮೆಯೂ ವಾರದ ನಡುವೆ ರಜೆ ಸಿಗದವರಿಗೂ ಕಾರ್ಡ್ ಹೊಂದುವುದಿಲ್ಲ. ಶನಿವಾರದ ರಾತ್ರಿಗಳು 15,000ದ ಮಿತಿಯನ್ನು ಸುಲಭವಾಗಿ ದಾಟುತ್ತವೆ.

ನವೀಕರಣದ ತಿಂಗಳು ಬಂದಾಗ ಶುಲ್ಕ ಬೀಳುವ ಮೊದಲೇ ಎರಡು ಕೆಲಸ ಮಾಡಿ. ಕಾರ್ಡಿನ ಆಗಿನ ಷರತ್ತುಗಳನ್ನು ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಮತ್ತೆ ಓದಿ, ಇಂಥ ಕಾರ್ಡ್‌ಗಳ ಕೊಡುಗೆ ಬದಲಾಗುತ್ತಲೇ ಇರುತ್ತದೆ. ಆಮೇಲೆ ಮುಂದಿನ ಮಳೆಗಾಲದ ಕ್ಯಾಲೆಂಡರ್ ತೆರೆದು ನಿಮಗೆ ಹೊಂದುವ ರಾತ್ರಿ 15,000ದೊಳಗೆ ಇದೆಯೇ ನೋಡಿ. ಇದ್ದರೆ ಕಟ್ಟಿ. ಫ್ರೀ ನೈಟ್ ಖಾತೆಗೆ ಬರಲು ಕೆಲವು ವಾರ ಹಿಡಿಯುತ್ತದೆ, ಬಂದ ದಿನವೇ ರದ್ದು ಮಾಡಬಹುದಾದ ದರದಲ್ಲಿ ಬುಕ್ ಮಾಡಿಡಿ. ರದ್ದತಿಯ ಕೊನೆಯ ದಿನವನ್ನು ಮೊಬೈಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಗೋವಾದಲ್ಲಿ ಅದು ಕೆಲವೇ ದಿನ ಮುಂಚೆ ಇರುತ್ತದೆ, ಮಾಲ್ಡೀವ್ಸ್ ರೆಸಾರ್ಟ್‌ಗಳಲ್ಲಿ ವಾರಗಟ್ಟಲೆ ಮುಂಚೆ.